ಸೂಪರ್‌ಕಂಪ್ಯೂಟರುಗಳ ಹಂಚಿಕೆಯ ಫೈಲ್ ಸಂಗ್ರಹ

ಒಂದು ಸಂಶೋಧನಾ ಕೇಂದ್ರದ ಹಲವು ಸೂಪರ್‌ಕಂಪ್ಯೂಟರುಗಳು ಒಂದೇ ಡಿಸ್ಕ್ ಸಂಗ್ರಹವನ್ನು ಏಕಕಾಲಕ್ಕೆ ಬಳಸುವ ಏರ್ಪಾಟಿಗೆ ಹಂಚಿಕೆಯ ಫೈಲ್ ಸಂಗ್ರಹ ಎಂದು ಹೆಸರು. ಯಾವ ಯಂತ್ರದಿಂದ ನೋಡಿದರೂ ಒಂದು ಫೈಲು ಅದೇ ಹೆಸರಿನಲ್ಲಿ, ಅದೇ ಡೈರೆಕ್ಟರಿಯಲ್ಲಿ ಕಾಣುತ್ತದೆ. ಒಂದು ಯಂತ್ರ ಬರೆದದ್ದನ್ನು ಇನ್ನೊಂದು ಕೂಡಲೇ ಓದಬಹುದು. ಹವಾಮಾನ, ಖಗೋಳ, ಕಣ ಭೌತವಿಜ್ಞಾನ, ಜೀನೋಮ್ ವಿಶ್ಲೇಷಣೆಗಳಲ್ಲಿ ನಡೆಯುವ ದೊಡ್ಡ ಲೆಕ್ಕಾಚಾರಗಳು ಇಂಥ ಸಂಗ್ರಹವನ್ನೇ ನಂಬಿಕೊಂಡಿವೆ. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸೆಕೆಂಡಿಗೆ ಎಷ್ಟು ಗಿಗಾಬೈಟ್, ಒಟ್ಟು ಎಷ್ಟು ಪೆಟಾಬೈಟ್ ಎಂಬ ಅಂಕಿಗಳನ್ನೇ ಮುಂದೆ ಮಾಡುತ್ತಾರೆ. ಆದರೆ ಕಳೆದ ಇಪ್ಪತ್ತೈದು ವರ್ಷಗಳ ಅನುಭವವನ್ನು ಕೂಡಿಸಿ ನೋಡಿದರೆ ವೇಗದ ಸಮಸ್ಯೆ ಪ್ರತಿ ಸಲವೂ ಬಗೆಹರಿದಿದೆ. ಫೈಲ್ ಹಂಚಿಕೆ ಎಲ್ಲಿಯವರೆಗೆ ಹಬ್ಬಬಲ್ಲದು ಎಂಬುದನ್ನು ತೀರ್ಮಾನಿಸಿದ್ದು, ಬರೆದದ್ದು ಎಲ್ಲರಿಗೂ ಒಂದೇ ರೀತಿ ಕಾಣಬೇಕೆಂಬ ಕಟ್ಟುನಿಟ್ಟು ಮತ್ತು ಆ ಡೇಟಾಗೆ ಯಾರು ಹೊಣೆ ಎಂಬ ಪ್ರಶ್ನೆ. ಒಂದೇ ಕಟ್ಟಡದೊಳಗೆ ಇವೆರಡನ್ನೂ ನಿಭಾಯಿಸಬಹುದು; ಅಲ್ಲಿ ಹಂಚಿಕೆಯೇ ಸರಿಯಾದ ದಾರಿ. ಊರುಗಳ ನಡುವೆ ನಿಭಾಯಿಸುವುದು ಕಷ್ಟ; ಅಲ್ಲಿ ಪ್ರತಿ ಮಾಡಿ ಕಳಿಸುವುದೇ ಮೇಲು.

ಮೊದಲು ಪ್ರತಿ ಯಂತ್ರಕ್ಕೂ ಅದರದೇ ಡಿಸ್ಕುಗಳಿದ್ದವು. ಸಂಶೋಧಕರು ದೊಡ್ಡ ಯಂತ್ರದಲ್ಲಿ ಸಿಮ್ಯುಲೇಶನ್ ಓಡಿಸಿ, ಫಲಿತಾಂಶವನ್ನು ವಿಶ್ಲೇಷಣೆಯ ಯಂತ್ರಕ್ಕೆ ಪ್ರತಿ ಮಾಡಿ, ಅಲ್ಲಿಂದ ಚಿತ್ರ ರೂಪಿಸುವ ಯಂತ್ರಕ್ಕೆ ಮತ್ತೊಮ್ಮೆ ಪ್ರತಿ ಮಾಡಬೇಕಿತ್ತು. 100 ಟೆರಾಬೈಟ್ ಡೇಟಾವನ್ನು ಸೆಕೆಂಡಿಗೆ 1 ಗಿಗಾಬೈಟ್ ವೇಗದಲ್ಲಿ ಸಾಗಿಸಲು ಸುಮಾರು 28 ಗಂಟೆ ಬೇಕು. ಹೋದ ಸಮಯಕ್ಕಿಂತ ಕೆಟ್ಟದ್ದು ಆಮೇಲೆ ಆಗುವ ಗೊಂದಲ: ಮೂರು ಪ್ರತಿಗಳಲ್ಲಿ ಯಾವುದು ತಿದ್ದಿದ್ದು, ಯಾವುದು ಹಳೆಯದು, ಯಾವುದನ್ನು ಅಳಿಸಬಹುದು ಎಂದು ಆರು ತಿಂಗಳ ಮೇಲೆ ಹೇಳಬಲ್ಲವರು ಇರುವುದಿಲ್ಲ. ಅಮೆರಿಕದ ಇಂಧನ ಇಲಾಖೆಗೆ ಸೇರಿದ, ಬರ್ಕ್ಲಿಯಲ್ಲಿರುವ ನೆರ್ಸ್ಕ್ ಕೇಂದ್ರ ಈ ತೊಡಕನ್ನು ಬೇಗ ಗುರುತಿಸಿತು. ಈ ಶತಮಾನದ ಆರಂಭದಲ್ಲೇ ಬೇರೆ ಬೇರೆ ಫೈಲ್ ವ್ಯವಸ್ಥೆಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 2006ರ ಹೊತ್ತಿಗೆ ಸೀಬೋರ್ಗ್, ಬಾಸ್ಸಿ, ಜಾಕ್ವಾರ್ಡ್, ಡಾವಿಂಚಿ, ಪಿಡಿಎಸ್‌ಎಫ್ ಎಂಬ ಯಂತ್ರಗಳಿಗೆಲ್ಲ ಒಂದೇ ಸಂಗ್ರಹವನ್ನು ಜೋಡಿಸಿತು. ಮೊದಲೆರಡು ಐಬಿಎಂನವು, ಡಾವಿಂಚಿ ಎಸ್‌ಜಿಐನದು, ಉಳಿದವು ಲಿನಕ್ಸ್ ಕ್ಲಸ್ಟರುಗಳು. ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ಪ್ರೊಸೆಸರುಗಳ ಯಂತ್ರಗಳು ಒಂದೇ ಡೈರೆಕ್ಟರಿಯನ್ನು ನೋಡುವಂತಾದ್ದು ಆ ಕಾಲಕ್ಕೆ ಸಣ್ಣ ಕೆಲಸವಾಗಿರಲಿಲ್ಲ. ಆ ಐದರಲ್ಲಿ ಒಂದೂ ಇಂದು ಓಡುತ್ತಿಲ್ಲ, ಆದರೆ ಸಂಗ್ರಹವನ್ನು ಯಂತ್ರದಿಂದ ಬೇರ್ಪಡಿಸುವ ಕ್ರಮ ನೆರ್ಸ್ಕ್‌ನಲ್ಲಿ ಈಗಲೂ ನಡೆದುಕೊಂಡು ಬಂದಿದೆ.

ಈ ಕೆಲಸಕ್ಕೆ ಬಳಸುವ ತಂತ್ರಾಂಶಗಳಲ್ಲಿ ಎರಡು ಮುಖ್ಯ. ಐಬಿಎಂನ ಆಲ್ಮಡೆನ್ ಪ್ರಯೋಗಾಲಯದಲ್ಲಿ ವಿಡಿಯೊ ಸರ್ವರುಗಳಿಗೆಂದು ಕಟ್ಟಿದ ಟೈಗರ್ ಶಾರ್ಕ್ ಎಂಬ ವ್ಯವಸ್ಥೆಯಿಂದ ಬೆಳೆದು 1998ರಲ್ಲಿ ಮಾರುಕಟ್ಟೆಗೆ ಬಂದದ್ದು ಜಿಪಿಎಫ್‌ಎಸ್. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬ್ರಾಮ್ ಆರಂಭಿಸಿದ್ದು ಲಸ್ಟರ್. ಎರಡರಲ್ಲೂ ಮೂಲ ತತ್ತ್ವ ಒಂದೇ: ದೊಡ್ಡ ಫೈಲನ್ನು ತುಂಡು ಮಾಡಿ ನೂರಾರು ಸರ್ವರುಗಳ ಡಿಸ್ಕುಗಳ ಮೇಲೆ ಹರಡುವುದು, ಆ ಮೂಲಕ ನೂರಾರು ಡಿಸ್ಕುಗಳ ವೇಗವನ್ನು ಒಟ್ಟುಗೂಡಿಸುವುದು. ಲಸ್ಟರಿನಲ್ಲಿ ಫೈಲಿನ ಹೆಸರು, ಒಡೆಯ, ಅನುಮತಿ, ಯಾವ ತುಂಡು ಎಲ್ಲಿದೆ ಎಂಬ ವಿವರಗಳು ಮೆಟಾಡೇಟಾ ಸರ್ವರಿನಲ್ಲಿರುತ್ತವೆ. ತುಂಡುಗಳು ಬೇರೆ ಸರ್ವರುಗಳಲ್ಲಿರುತ್ತವೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೊದಲು ರಿಜಿಸ್ಟರ್ ನೋಡಿ, ಆಮೇಲೆ ಕಪಾಟಿಗೆ ಹೋಗುವಂತೆ, ಫೈಲು ತೆರೆಯುವ ಕಂಪ್ಯೂಟರು ಮೊದಲು ಮೆಟಾಡೇಟಾ ಸರ್ವರನ್ನು ಕೇಳಿ ನಂತರ ನೇರವಾಗಿ ತುಂಡುಗಳಿರುವಲ್ಲಿಗೆ ಹೋಗುತ್ತದೆ. ಈ ಎಲ್ಲದರ ನಡುವೆ ಲಾಕ್ ವ್ಯವಸ್ಥೆ ಒಂದಿದೆ. ಎರಡು ನೋಡ್‌ಗಳು, ಅಂದರೆ ಸೂಪರ್‌ಕಂಪ್ಯೂಟರಿನೊಳಗಿನ ಬಿಡಿ ಕಂಪ್ಯೂಟರುಗಳು, ಫೈಲಿನ ಒಂದೇ ಭಾಗಕ್ಕೆ ಬರೆಯಲು ಹೊರಟರೆ ಲಾಕ್ ಸಿಕ್ಕಿದ ನೋಡ್ ಬರೆಯುತ್ತದೆ, ಇನ್ನೊಂದು ಕಾಯುತ್ತದೆ. ಯಾರಾದರೂ ಬದಲಾಯಿಸಿದ ಕೂಡಲೇ ಉಳಿದವರ ಮೆಮೊರಿಯಲ್ಲಿದ್ದ ಹಳೆಯ ಪ್ರತಿ ರದ್ದಾಗುತ್ತದೆ. ಬಳಕೆದಾರರಿಗೆ ಕಾಣದ ಈ ಲಾಕ್‌ಗಳ ಮಾತುಕತೆಯೇ ಮುಂದೆ ಬರುವ ಎಲ್ಲ ತೊಡಕಿನ ಬೇರು.

ಲಸ್ಟರಿನ ಒಡೆತನದ ಕಥೆಯನ್ನು ಇಲ್ಲಿ ಚಿಕ್ಕದಾಗಿಯಾದರೂ ಹೇಳಬೇಕು. ಬ್ರಾಮ್ ಅವರ ಕಂಪನಿಯನ್ನು 2007ರಲ್ಲಿ ಸನ್ ಕೊಂಡಿತು. 2010ರಲ್ಲಿ ಸನ್ ಒರಾಕಲ್‌ನ ಕೈ ಸೇರಿತು, ಒರಾಕಲ್ ಲಸ್ಟರನ್ನು ಬೆಳೆಸುವುದನ್ನು ನಿಲ್ಲಿಸಿತು. ಅದನ್ನು ಮುಂದುವರಿಸಲು ಹುಟ್ಟಿದ ವ್ಯಾಮ್‌ಕ್ಲೌಡ್ 2012ರಲ್ಲಿ ಇಂಟೆಲ್‌ಗೆ, 2018ರಲ್ಲಿ ಆ ತಂಡ ಡಿಡಿಎನ್‌ಗೆ ಹೋಯಿತು. ದಶಕಗಟ್ಟಲೆ ಉಳಿಯಬೇಕಾದ ಡೇಟಾ ಹೀಗೆ ಕೈಯಿಂದ ಕೈಗೆ ಹೋಗುವ ತಂತ್ರಾಂಶದ ಮೇಲೆ ಕುಳಿತಿತ್ತು. ಅದರ ಮೂಲ ಕೋಡ್ ಮುಕ್ತ ಪರವಾನಗಿಯಲ್ಲಿ ಇದ್ದುದರಿಂದ ಪ್ರಯೋಗಾಲಯಗಳು ಸೇರಿ ಅದನ್ನು ಕಾಪಾಡಿಕೊಂಡವು.

ಹಂಚಿಕೆಯ ವಾದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಟೆನೆಸಿಯ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ್ದು. ಜಾಗ್ವಾರ್ ಎಂಬ ಯಂತ್ರದ ಕಾಲದಲ್ಲಿ, 2009ರ ಸುಮಾರಿಗೆ, ಆ ಕೇಂದ್ರ ಸ್ಪೈಡರ್ ಎಂಬ ಲಸ್ಟರ್ ಸಂಗ್ರಹವನ್ನು ಪೂರ್ಣವಾಗಿ ಬಳಕೆಗೆ ತಂದಿತು. ತಲಾ 1 ಟೆರಾಬೈಟಿನ 13,440 ಡಿಸ್ಕುಗಳು, 192 ಸರ್ವರುಗಳು, ಸೆಕೆಂಡಿಗೆ 240 ಗಿಗಾಬೈಟ್ ವೇಗ. ಜಾಗ್ವಾರ್ ಮಾತ್ರವಲ್ಲದೆ ವಿಶ್ಲೇಷಣೆಗೆಂದಿದ್ದ ಲೆನ್ಸ್, ಪ್ರೋಗ್ರಾಮುಗಳನ್ನು ತಯಾರಿಸಲೆಂದಿದ್ದ ಸ್ಮೋಕಿ ಎಂಬ ಕ್ಲಸ್ಟರುಗಳೂ ಇದನ್ನೇ ಬಳಸಿದವು. ಜಾಗ್ವಾರ್ ರಿಪೇರಿಗೆ ನಿಂತಾಗಲೂ ಡೇಟಾ ಲೆನ್ಸ್‌ನಿಂದ ಸಿಗುತ್ತಿತ್ತು. ಆ ಸಂಗ್ರಹದ ಮೇಲೆ ನಡೆಸಿದ ಅಧ್ಯಯನವೊಂದು ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಸೂಪರ್‌ಕಂಪ್ಯೂಟರುಗಳು ಹೆಚ್ಚಾಗಿ ಬರೆಯುತ್ತವೆ, ಓದುವುದು ಅಪರೂಪ ಎಂದೇ ಬಹುತೇಕರು ಎಣಿಸಿದ್ದರು. ಅಳೆದು ನೋಡಿದಾಗ ಬೇಡಿಕೆಗಳಲ್ಲಿ ಶೇಕಡಾ 60ರಷ್ಟು ಬರವಣಿಗೆಯಾದರೆ ಶೇಕಡಾ 40ರಷ್ಟು ಓದು. ಬರೆದದ್ದನ್ನು ಇತರ ಯಂತ್ರಗಳು ಮತ್ತೆ ಮತ್ತೆ ತೆಗೆದು ನೋಡುವ ಕೇಂದ್ರದಲ್ಲಿ ಓದುವ ಪಾಲು ಹೀಗೆ ಹೆಚ್ಚುವುದು ಸಹಜ. ಡಿಸ್ಕನ್ನು ಒಂದೇ ಯಂತ್ರದ ಬಾಲವೆಂದು ಭಾವಿಸಿದ ವಿನ್ಯಾಸಗಳು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಂಚಿಕೆಯ ಲಾಭಕ್ಕೆ ಇನ್ನೊಂದು ಉದಾಹರಣೆ ಖಗೋಳ ವಿಜ್ಞಾನದಿಂದ. 2011ರ ಆಗಸ್ಟ್ 24ರಂದು ಎಂ101 ಎಂಬ ಗೆಲಾಕ್ಸಿಯಲ್ಲಿ, ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಒಂದು ಸೂಪರ್‌ನೋವಾ ಪತ್ತೆಯಾಯಿತು. ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕ ಪ್ರತಿ ರಾತ್ರಿ ತೆಗೆಯುತ್ತಿದ್ದ ಚಿತ್ರಗಳು ನೆಟ್‌ವರ್ಕ್ ಮೂಲಕ ನೆರ್ಸ್ಕ್‌ಗೆ ಬರುತ್ತಿದ್ದವು. ಅಲ್ಲಿನ ಕಂಪ್ಯೂಟರುಗಳು ಹೊಸ ಚಿತ್ರದಿಂದ ಅದೇ ಆಕಾಶದ ಹಳೆಯ ಚಿತ್ರವನ್ನು ಕಳೆದು, ಉಳಿದ ಬೆಳಕಿನ ಚುಕ್ಕಿಗಳಲ್ಲಿ ನಿಜವಾದದ್ದು ಯಾವುದು, ಕ್ಯಾಮೆರಾದ ದೋಷ ಯಾವುದು ಎಂದು ಸೋಸುತ್ತಿದ್ದವು. ಎಸ್‌ಎನ್ 2011ಎಫ್‌ಇ ಎಂದು ಹೆಸರಾದ ಆ ನಕ್ಷತ್ರ ಸಿಡಿದ ಸುಮಾರು 11 ಗಂಟೆಗಳ ನಂತರದ ಬೆಳಕೇ ಚಿತ್ರಕ್ಕೆ ಸಿಕ್ಕಿತ್ತು. ಅಷ್ಟು ಎಳೆಯ ವಯಸ್ಸಿನಲ್ಲಿ ಆ ಬಗೆಯ ಸೂಪರ್‌ನೋವಾ ಅದುವರೆಗೆ ಸಿಕ್ಕಿರಲಿಲ್ಲ. ಇಂಥ ಸರಪಳಿಯಲ್ಲಿ ಚಿತ್ರ ಸ್ವೀಕರಿಸುವ ಯಂತ್ರ, ಕಳೆಯುವ ಯಂತ್ರ, ಖಗೋಳ ವಿಜ್ಞಾನಿಗೆ ವೆಬ್‌ನಲ್ಲಿ ತೋರಿಸುವ ಯಂತ್ರ ಬೇರೆ ಬೇರೆ. ಹೋಲಿಕೆಗೆ ಬೇಕಾದ ಹಳೆಯ ಚಿತ್ರಗಳ ರಾಶಿಯನ್ನು ಒಂದರಿಂದ ಇನ್ನೊಂದಕ್ಕೆ ಪ್ರತಿ ಮಾಡುತ್ತ ಕುಳಿತರೆ ರಾತ್ರಿ ಕಳೆದೇ ಹೋಗುತ್ತದೆ.

ಹಂಚಿಕೆಯ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಎಲ್ಲರೂ ಒಂದೇ ಸಂಗ್ರಹವನ್ನು ಬಳಸಿದರೆ ಒಬ್ಬರ ಹೊರೆ ಇನ್ನೊಬ್ಬರನ್ನು ನಿಧಾನ ಮಾಡುತ್ತದೆ ಎಂಬುದು ಮೊದಲನೆಯದು. ಇದು ನಿಜ. ಓಕ್ ರಿಜ್‌ನ ಟೈಟಾನ್ ಯಂತ್ರದಲ್ಲಿ 18,688 ನೋಡ್‌ಗಳಿದ್ದವು, ಪ್ರತಿಯೊಂದರ ಮುಖ್ಯ ಮೆಮೊರಿ 32 ಗಿಗಾಬೈಟ್. ಒಟ್ಟು ಸುಮಾರು 600 ಟೆರಾಬೈಟ್. ದೀರ್ಘ ಲೆಕ್ಕಾಚಾರಗಳು ನಡುವೆ ಯಂತ್ರ ಕೆಟ್ಟರೆ ಮೊದಲಿನಿಂದ ಶುರು ಮಾಡಬಾರದೆಂದು ಆಗಾಗ ತಮ್ಮ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತವೆ. ಅಷ್ಟೂ ಮೆಮೊರಿಯನ್ನು ಮೊದಲ ಸ್ಪೈಡರಿನ ವೇಗದಲ್ಲಿ ಬರೆಯಲು 40 ನಿಮಿಷಕ್ಕೂ ಹೆಚ್ಚು ಬೇಕು, ಆ ಹೊತ್ತಿನಲ್ಲಿ ಲೆನ್ಸ್‌ನಂಥ ಯಂತ್ರದ ಮುಂದೆ ಕುಳಿತವರು ಸುಮ್ಮನೆ ಕಾಯಬೇಕು. ಸಣ್ಣ ಫೈಲುಗಳದು ಇನ್ನೂ ಕಿರಿಕಿರಿ: ಒಂದೇ ಡೈರೆಕ್ಟರಿಯಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲುಗಳನ್ನು ಸೃಷ್ಟಿಸುವ ಒಂದು ಪ್ರೋಗ್ರಾಮು ಮೆಟಾಡೇಟಾ ಸರ್ವರನ್ನು ಹೈರಾಣು ಮಾಡಿ ಇಡೀ ಕೇಂದ್ರವನ್ನೇ ನಿಧಾನಗೊಳಿಸಬಲ್ಲದು. ಆದರೆ ಈ ಆಕ್ಷೇಪಕ್ಕೆ ಉತ್ತರ ದೊರೆತಿದೆ. ಎರಡನೆಯ ಸ್ಪೈಡರ್ 20,160 ಡಿಸ್ಕುಗಳಿಂದ ಸೆಕೆಂಡಿಗೆ 1 ಟೆರಾಬೈಟ್ ವೇಗ ಮುಟ್ಟಿತು, 40 ನಿಮಿಷ 10ಕ್ಕೆ ಇಳಿಯಿತು. ಜೊತೆಗೆ ಸಂಗ್ರಹವನ್ನು ಎರಡು ಸ್ವತಂತ್ರ ಭಾಗ ಮಾಡಿ ಮೆಟಾಡೇಟಾದ ಹೊರೆಯನ್ನು ಹಂಚಿದರು. ನಂತರದ ಲಸ್ಟರ್ ಆವೃತ್ತಿಗಳಲ್ಲಿ ಮೆಟಾಡೇಟಾ ಸರ್ವರುಗಳೇ ಹಲವು. ಬರ್ಕ್ಲಿಯ ಪರ್ಲ್‌ಮಟರ್ ಯಂತ್ರ ಕ್ಷಣಿಕ ಬಳಕೆಗೆ 35 ಪೆಟಾಬೈಟಿನ ಪೂರ್ತಿ ಫ್ಲ್ಯಾಶ್ ಸಂಗ್ರಹವನ್ನು ತನ್ನ ಬಳಿಯೇ ಇಟ್ಟುಕೊಂಡಿದೆ, ಬಾಳಬೇಕಾದ ಡೇಟಾ ಹಂಚಿಕೆಯ ಸಂಗ್ರಹಕ್ಕೆ ಹೋಗುತ್ತದೆ. ಹಂಚಿಕೆ ಎಂದರೆ ಪ್ರತಿ ಬೈಟನ್ನೂ ಹಂಚಿಕೊಳ್ಳಬೇಕೆಂದಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ: ಒಂದೇ ಸಂಗ್ರಹ ಕೆಟ್ಟರೆ ಎಲ್ಲರದೂ ಕೆಡುತ್ತದೆ. ಸ್ಪೈಡರಿನಲ್ಲಿ ಹತ್ತು ಡಿಸ್ಕುಗಳ ಗುಂಪಿನಲ್ಲಿ ಯಾವ ಎರಡು ಸತ್ತರೂ ಡೇಟಾ ಉಳಿಯುವ ಏರ್ಪಾಟಿತ್ತು. ಆದರೆ ಹಣ ಉಳಿಸಲು ಆ ಹತ್ತನ್ನು ಹತ್ತು ಪೆಟ್ಟಿಗೆಗಳಲ್ಲಿಡುವ ಬದಲು ಐದರಲ್ಲಿ ಎರಡೆರಡಾಗಿ ಇಟ್ಟಿದ್ದರು. ಹೀಗಿಟ್ಟರೆ, ಕೆಟ್ಟ ಒಂದು ಡಿಸ್ಕಿನ ಬದಲಿ ತುಂಬಿಕೊಳ್ಳುತ್ತಿರುವಾಗ ಬೇರೊಂದು ಪೆಟ್ಟಿಗೆ ಕೈಕೊಟ್ಟರೆ ಒಂದೇ ಗುಂಪಿನ ಮೂರು ಡಿಸ್ಕುಗಳು ಒಟ್ಟಿಗೆ ಹೋದಂತೆ. 2010ರಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಫೈಲುಗಳು ಅಪಾಯಕ್ಕೆ ಸಿಕ್ಕಿದವು. ಹೆಚ್ಚಿನವನ್ನು ಮರಳಿ ಪಡೆಯಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು, ಉಳಿದವು ಸಿಗಲೇ ಇಲ್ಲ. ಮುಂದಿನ ಸಂಗ್ರಹದಲ್ಲಿ ಹತ್ತು ಡಿಸ್ಕಿಗೆ ಹತ್ತು ಪೆಟ್ಟಿಗೆ ಇಟ್ಟರು.

ಕ್ಯೋಟೊ ವಿಶ್ವವಿದ್ಯಾಲಯದ ಘಟನೆಯಲ್ಲಿ ಒಂದು ಡಿಸ್ಕೂ ಕೆಟ್ಟಿರಲಿಲ್ಲ. 2021ರ ಡಿಸೆಂಬರ್ 14ರಿಂದ 16ರ ನಡುವೆ ಅಲ್ಲಿನ ಸೂಪರ್‌ಕಂಪ್ಯೂಟರಿನ ದೊಡ್ಡ ಸಂಗ್ರಹದಿಂದ 77 ಟೆರಾಬೈಟ್, ಅಂದರೆ 3.4 ಕೋಟಿ ಫೈಲುಗಳು ಅಳಿಸಿಹೋದವು. ಬ್ಯಾಕಪ್ ಮಾಡುವ ಸ್ಕ್ರಿಪ್ಟೊಂದು ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ಹುಡುಕಿ ಅಳಿಸುತ್ತಿತ್ತು. ಅದು ಓಡುತ್ತಿರುವಾಗಲೇ ಸರಬರಾಜುದಾರ ಕಂಪನಿ ಅದರ ಮೇಲೆ ತಿದ್ದಿದ ಆವೃತ್ತಿಯನ್ನು ಬರೆಯಿತು. ಸ್ಕ್ರಿಪ್ಟನ್ನು ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಮು ಅದನ್ನು ಒಮ್ಮೆಲೇ ಓದಿಟ್ಟುಕೊಳ್ಳುವುದಿಲ್ಲ, ಓಡಿಸುತ್ತಾ ಮುಂದೆ ಮುಂದೆ ಓದುತ್ತದೆ. ಹಾಗಾಗಿ ನಡುವಿನಿಂದ ಹೊಸ ಆವೃತ್ತಿ ಸಿಕ್ಕಿ, ಲಾಗ್ ಡೈರೆಕ್ಟರಿಯ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿ ಉಳಿಯಿತು. ಅಳಿಸುವ ಆದೇಶ ಲಾಗ್‌ಗಳ ಬದಲು ಸಂಶೋಧಕರ ಡೇಟಾ ಮೇಲೆ ಹರಿಯಿತು. ಹದಿನಾಲ್ಕು ಸಂಶೋಧನಾ ಗುಂಪುಗಳ ಫೈಲುಗಳು ಹೋದವು, ನಾಲ್ಕು ಗುಂಪುಗಳದ್ದು ಮರಳಿ ಬರಲೇ ಇಲ್ಲ. ಕಂಪನಿ ಹೊಣೆ ಒಪ್ಪಿಕೊಂಡಿತು. ಇದರಿಂದ ಹಂಚಿಕೆಯೇ ತಪ್ಪೆಂದು ತೀರ್ಮಾನಿಸುವುದು ಸರಿಯಲ್ಲ. ಯಂತ್ರಕ್ಕೊಂದು ಸಂಗ್ರಹವಿದ್ದರೂ ಇಂಥ ಸ್ಕ್ರಿಪ್ಟ್ ಇದೇ ಕೆಲಸ ಮಾಡುತ್ತಿತ್ತು, ಅಂಥ ಸ್ಕ್ರಿಪ್ಟುಗಳ ಸಂಖ್ಯೆಯೂ ಹೆಚ್ಚಿರುತ್ತಿತ್ತು. ಆದರೆ ಹಂಚಿಕೆಯ ಸಂಗ್ರಹವನ್ನು ಬ್ಯಾಕಪ್ ಎಂದು ತಿಳಿಯುವುದು ದೊಡ್ಡ ತಪ್ಪು. ಮತ್ತೆ ಸೃಷ್ಟಿಸಲಾಗದ ಡೇಟಾ ಈ ಸಂಗ್ರಹದ ಕೈಗೆ ಸಿಗದ ಇನ್ನೊಂದು ಕಡೆ, ಸಾಮಾನ್ಯವಾಗಿ ಟೇಪಿನಲ್ಲಿ, ಇರಲೇಬೇಕು.

ಕಟ್ಟಡದೊಳಗೆ ಇಷ್ಟು ಉಪಯೋಗವಾದದ್ದು ದೇಶದುದ್ದಕ್ಕೂ ಏಕೆ ಹಬ್ಬಲಿಲ್ಲ? ಪ್ರಯತ್ನವೇನೋ ನಡೆಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ 2001ರಲ್ಲಿ ಆರಂಭವಾದ ಟೆರಾಗ್ರಿಡ್ ಯೋಜನೆ ಹಲವು ನಗರಗಳ ಸೂಪರ್‌ಕಂಪ್ಯೂಟರುಗಳನ್ನು ಜೋಡಿಸಲು ಹೊರಟಿತ್ತು. 2002ರಲ್ಲಿ ಸ್ಯಾನ್ ಡಿಯಾಗೊ ಕೇಂದ್ರದ ತಂಡ ಬಾಲ್ಟಿಮೋರ್‌ನಲ್ಲಿ ನಡೆದ ಸಮ್ಮೇಳನದಿಂದ ಖಂಡದ ಇನ್ನೊಂದು ತುದಿಯಲ್ಲಿದ್ದ ತನ್ನ ಡಿಸ್ಕುಗಳನ್ನು ನೇರವಾಗಿ ಓದಿ ತೋರಿಸಿತು. ಹೋಗಿ ಬರುವ ವಿಳಂಬ 80 ಮಿಲಿಸೆಕೆಂಡ್, ಆದರೂ ಸೆಕೆಂಡಿಗೆ 720 ಮೆಗಾಬೈಟ್ ವೇಗ ಸಿಕ್ಕಿತು. 2005ರಲ್ಲಿ ಸ್ಯಾನ್ ಡಿಯಾಗೊದಿಂದ ಸುಮಾರು 500 ಟೆರಾಬೈಟಿನ ಜಿಪಿಎಫ್‌ಎಸ್ ಸಂಗ್ರಹವೊಂದು ಟೆರಾಗ್ರಿಡ್‌ನ ಇತರ ಊರುಗಳಿಗೂ ತೆರೆಯಿತು. ವೇಗ ಇತ್ತು, ತಂತ್ರಾಂಶ ಇತ್ತು, ಹಣವೂ ಇತ್ತು. ಹಾಗಿದ್ದೂ ಊರೂರಿಗೆ ಒಂದೇ ಫೈಲ್ ವ್ಯವಸ್ಥೆ ಎಂಬುದು ವಿಜ್ಞಾನದ ದಿನಬಳಕೆಯ ಕ್ರಮವಾಗಿ ನೆಲೆಯೂರಲಿಲ್ಲ.

ಕಾರಣ 80 ಮಿಲಿಸೆಕೆಂಡಿನಲ್ಲಿದೆ. ಸೆಕೆಂಡಿಗೆ 10 ಗಿಗಾಬಿಟ್‌ನ ದಾರಿಯಲ್ಲಿ 1 ಟೆರಾಬೈಟಿನ ಒಂದೇ ಫೈಲನ್ನು ಸಾಗಿಸಲು ಹೆಚ್ಚೆಂದರೆ 14 ನಿಮಿಷ. ಸತತ ಹರಿವಿನಲ್ಲಿ ವಿಳಂಬ ಗೊತ್ತೇ ಆಗುವುದಿಲ್ಲ. ಆದರೆ ಲಕ್ಷ ಫೈಲುಗಳಿರುವ ಡೈರೆಕ್ಟರಿಯಲ್ಲಿ ಒಂದೊಂದರ ವಿವರವನ್ನೂ ಒಂದಾದ ಮೇಲೊಂದರಂತೆ ಕೇಳುತ್ತಾ ಹೋದರೆ, ಪ್ರತಿ ಪ್ರಶ್ನೆಗೂ 80 ಮಿಲಿಸೆಕೆಂಡಿನಂತೆ 8,000 ಸೆಕೆಂಡು, ಎರಡು ಗಂಟೆಗೂ ಮಿಕ್ಕಿ. ಅದೇ ಕೆಲಸ ಅರ್ಧ ಮಿಲಿಸೆಕೆಂಡಿನ ವಿಳಂಬವಿರುವ ಕಟ್ಟಡದೊಳಗೆ 50 ಸೆಕೆಂಡಿನಲ್ಲಿ ಮುಗಿಯುತ್ತದೆ. ಲಾಕ್‌ಗಳ ಮಾತುಕತೆಗೂ ಇದೇ ಗತಿ. ದಾರಿಯನ್ನು ಅಗಲ ಮಾಡಬಹುದು, ಗಾಜಿನ ತಂತಿಯಲ್ಲಿ ಬೆಳಕಿನ ವೇಗವನ್ನು ಹೆಚ್ಚಿಸಲಾಗದು. ಇದರ ಜೊತೆಗೆ ಗುರುತಿನ ತೊಡಕು: ಯುನಿಕ್ಸ್ ಫೈಲಿನ ಒಡೆಯರನ್ನು ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಒಂದು ಊರಿನಲ್ಲಿ 5012 ಎಂಬ ಸಂಖ್ಯೆ ಒಬ್ಬ ಖಗೋಳ ವಿಜ್ಞಾನಿಯದಾದರೆ, ಇನ್ನೊಂದು ಊರಿನಲ್ಲಿ ಅದೇ ಸಂಖ್ಯೆ ಮತ್ತೊಬ್ಬರದು. ಡಿಜಿಟಲ್ ಪ್ರಮಾಣಪತ್ರಗಳ ಮೂಲಕ ಇವುಗಳಿಗೆ ಹೊಂದಿಕೆ ಕಲ್ಪಿಸಿದರು. ಆದರೆ ಒಂದು ಕೇಂದ್ರದ ಆಡಳಿತಗಾರರು ಇನ್ನೊಂದು ಕೇಂದ್ರದ ಆಡಳಿತಗಾರರನ್ನು ಎಷ್ಟು ನಂಬಬೇಕು, ಡಿಸ್ಕ್ ತುಂಬಿದಾಗ ಯಾರ ಫೈಲನ್ನು ಅಳಿಸಬೇಕು ಎಂಬುದನ್ನು ಪ್ರಮಾಣಪತ್ರ ತೀರ್ಮಾನಿಸುವುದಿಲ್ಲ.

ಈ ವಾದವನ್ನು ಎದುರು ಬದಿಯಿಂದ ದೃಢಪಡಿಸುವ ಉದಾಹರಣೆ ಜಿನೀವಾ ಬಳಿಯ ಸೆರ್ನ್‌ನಲ್ಲಿದೆ. ಅಲ್ಲಿ ಬೆಳೆದ ಸಿವಿಎಂಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಕಣ ಭೌತವಿಜ್ಞಾನದ ತಂತ್ರಾಂಶವನ್ನು ಜಗತ್ತಿನ ನೂರಾರು ಕೇಂದ್ರಗಳಿಗೆ ಒಂದೇ ಡೈರೆಕ್ಟರಿಯಾಗಿ ತೋರಿಸುತ್ತದೆ, ಮತ್ತು ಅದು ಚೆನ್ನಾಗಿ ನಡೆಯುತ್ತಿದೆ. ಬಳಕೆದಾರರಿಗೆ ಅದು ಓದಲು ಮಾತ್ರ. ಬರೆಯುವುದು ಒಂದೇ ಕಡೆಯಿಂದ. ಪ್ರತಿ ಫೈಲೂ ತನ್ನ ಒಳಗಿನಿಂದಲೇ ಲೆಕ್ಕ ಹಾಕಿದ ಗುರುತಿನಡಿ ಇರುವುದರಿಂದ ಒಮ್ಮೆ ತಂದಿಟ್ಟ ಪ್ರತಿ ಎಂದಿಗೂ ಹಳಸುವುದಿಲ್ಲ, ಲಾಕ್‌ನ ಅಗತ್ಯವೇ ಬೀಳುವುದಿಲ್ಲ. ಅದೇ ದೂರ, ಅದೇ ತಂತಿ. ಎಲ್ಲರೂ ಬರೆಯಬಹುದು ಎಂಬ ಷರತ್ತನ್ನು ಬಿಟ್ಟುಕೊಟ್ಟ ಕೂಡಲೇ ಜಗತ್ತಿನಾದ್ಯಂತ ಹಂಚಿಕೆ ಸಾಧ್ಯವಾಯಿತು.

ಹಾಗಾದರೆ ಫೈಲು, ಡೈರೆಕ್ಟರಿ, ಲಾಕ್ ಎಂಬ ಯುನಿಕ್ಸ್ ಕಾಲದ ಕಟ್ಟುಪಾಡುಗಳನ್ನೇ ಬಿಟ್ಟು ಕ್ಲೌಡ್ ಕಂಪನಿಗಳಂತೆ ಆಬ್ಜೆಕ್ಟ್ ಸಂಗ್ರಹಕ್ಕೆ ಹೋಗಬಾರದೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಅರೋರಾ ಯಂತ್ರದಲ್ಲಿರುವ ಡೇಯಾಸ್ ಎಂಬ ಸಂಗ್ರಹ ಆ ಕಟ್ಟುಪಾಡುಗಳನ್ನು ಸಡಿಲಿಸಿ, 1,024 ಸರ್ವರುಗಳ ಮೇಲೆ ಸುಮಾರು 230 ಪೆಟಾಬೈಟಿನಷ್ಟು ಜಾಗ ಕೊಡುತ್ತದೆ. ಆದರೆ ನಲವತ್ತು ವರ್ಷಗಳಿಂದ ಫೋರ್ಟ್ರಾನ್ ಮತ್ತು ಸಿ ಭಾಷೆಗಳಲ್ಲಿ ಬರೆದಿಟ್ಟ ವಿಜ್ಞಾನದ ಪ್ರೋಗ್ರಾಮುಗಳು ಫೈಲು ತೆರೆಯುವ ಹಳೆಯ ಕ್ರಮವನ್ನೇ ನಿರೀಕ್ಷಿಸುತ್ತವೆ. ಆದ್ದರಿಂದ ಡೇಯಾಸ್ ಕೂಡ ಅವುಗಳಿಗೆ ಫೈಲಿನಂತೆ ಕಾಣುವ ಮುಖವನ್ನು ಇಟ್ಟುಕೊಳ್ಳಬೇಕಾಯಿತು, ಅರೋರಾದ ಬಳಕೆದಾರರಿಗೆ ಪಕ್ಕದಲ್ಲೊಂದು ಲಸ್ಟರ್ ಸಂಗ್ರಹವೂ ಇದೆ.

ಸಂಗ್ರಹವನ್ನು ಯಂತ್ರದಿಂದ ಬೇರ್ಪಡಿಸಲು ಕೊಡುವ, ಡೇಟಾ ಯಂತ್ರಕ್ಕಿಂತ ಹೆಚ್ಚು ಬಾಳುತ್ತದೆ ಎಂಬ ಕಾರಣಕ್ಕೂ ಒಂದು ತಿದ್ದುಪಡಿ ಬೇಕು: ಡೇಟಾ ಬಾಳುತ್ತದೆ, ಸಂಗ್ರಹ ಬಾಳುವುದಿಲ್ಲ. ಓಕ್ ರಿಜ್‌ನ ಸಮಿಟ್ ಯಂತ್ರದ ಜೊತೆ 2018ರಲ್ಲಿ ಬಂದ 250 ಪೆಟಾಬೈಟಿನ ಆಲ್ಪೈನ್ ಸಂಗ್ರಹ 2024ರ ಆರಂಭದಲ್ಲಿ ನಿವೃತ್ತವಾಯಿತು. ಸಮಿಟ್ ಇನ್ನೊಂದು ಸಂಗ್ರಹದೊಂದಿಗೆ ಅದಾದ ಮೇಲೂ ಹಲವು ತಿಂಗಳು ಓಡಿತು. ಬಳಕೆದಾರರು ಆಲ್ಪೈನ್ ನಿಲ್ಲುವುದರೊಳಗೆ ತಮ್ಮ ಡೇಟಾವನ್ನು ಸಾಗಿಸಿಕೊಳ್ಳಬೇಕಿತ್ತು. ಹಂಚಿಕೆ ದಿನನಿತ್ಯದ ಪ್ರತಿ ಮಾಡುವಿಕೆಯನ್ನು ತಪ್ಪಿಸುತ್ತದೆ, ಐದಾರು ವರ್ಷಕ್ಕೊಮ್ಮೆ ಬರುವ ಈ ದೊಡ್ಡ ಸ್ಥಳಾಂತರವನ್ನು ತಪ್ಪಿಸಲಾರದು. ಅದಕ್ಕೆ ಹಣವನ್ನೂ ಸಿಬ್ಬಂದಿಯನ್ನೂ ಮೊದಲೇ ಎತ್ತಿಡುವ ಕೇಂದ್ರಗಳಲ್ಲಿ ಮಾತ್ರ ಹಳೆಯ ಡೇಟಾ ಉಳಿಯುತ್ತದೆ.

ಭಾರತದಲ್ಲಿ ಈ ಚರ್ಚೆಗೆ ಈಗ ಸರಿಯಾದ ಕಾಲ. 2015ರಲ್ಲಿ 4,500 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಮಂಜೂರಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅನ್ನು ಸಿ-ಡ್ಯಾಕ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜಾರಿಗೊಳಿಸುತ್ತಿವೆ. ಪರಮ್ ಸರಣಿಯ ಯಂತ್ರಗಳು ಹಲವು ಸಂಸ್ಥೆಗಳಲ್ಲಿ ನೆಲೆಗೊಂಡಿವೆ. ವಿಜ್ಞಾನ ಸಂಸ್ಥೆಯಲ್ಲೇ 2015ರಲ್ಲಿ ಬಂದ ಸಹಸ್ರ-ಟಿ ಯಂತ್ರದ ಜೊತೆ 2 ಪೆಟಾಬೈಟ್ ಸಂಗ್ರಹ, 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದ ಜೊತೆ 4 ಪೆಟಾಬೈಟ್ ಸಂಗ್ರಹ ಬಂತು. ಟೆಂಡರಿನಲ್ಲಿ ಸಂಗ್ರಹವನ್ನು ಯಂತ್ರದ ಒಂದು ಭಾಗವಾಗಿ ಸೇರಿಸಿದರೆ, ಯಂತ್ರ ಹಳತಾದ ದಿನ ಸಂಗ್ರಹಕ್ಕೂ ವಾರಸುದಾರರಿರುವುದಿಲ್ಲ. ಓಕ್ ರಿಜ್ ಮತ್ತು ಬರ್ಕ್ಲಿಯ ಅನುಭವ ಹೇಳುವಂತೆ, ಪ್ರತಿ ಸಂಸ್ಥೆಯೂ ಸಂಗ್ರಹವನ್ನು ಬೇರೆಯಾಗಿ, ಬೇರೆ ಬಜೆಟ್ಟಿನಲ್ಲಿ, ಯಂತ್ರಗಳ ವಯಸ್ಸಿಗೆ ತಳುಕು ಹಾಕದೆ ಕೊಳ್ಳುವುದು ಒಳ್ಳೆಯದು. ಸಂಸ್ಥೆಗಳನ್ನು ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲದ ಮೇಲೆ ಒಂದೇ ಫೈಲ್ ವ್ಯವಸ್ಥೆ ಹರಡುವುದಕ್ಕಿಂತ ಮೊದಲು ಬೇಕಾದದ್ದು ಎಲ್ಲ ಸಂಸ್ಥೆಗಳಿಗೂ ಒಪ್ಪಿಗೆಯಾಗುವ ಒಂದೇ ಬಳಕೆದಾರ ಗುರುತು, ಡೇಟಾ ಸಾಗಿಸಲೆಂದೇ ಮೀಸಲಾದ ಸರ್ವರುಗಳು, ಹಾಗೂ ಸಾಗಿಸಿದ ಪ್ರತಿ ಫೈಲನ್ನೂ ಚೆಕ್‌ಸಮ್‌ನಿಂದ ತಾಳೆ ನೋಡುವ ಪದ್ಧತಿ.